ಗಾಢ ಕಂದು ಬಳಿಸಿದರೆ ಕೋಣೆ ಕತ್ತಲಾಗುತ್ತಾ?

ಪ್ರಶ್ನೆ: ಓದುವ ಕೋಣೆಗೆ ಗಾಢವಾದ, ಬೆಚ್ಚಗಿನ ಕಂದು ಬಣ್ಣ ಬಳಿಸಬೇಕು ಅಂತ ತುಂಬಾ ದಿನದಿಂದ ಆಸೆ. ಕೋಣೆ ಅಷ್ಟೇನೂ ದೊಡ್ಡದಲ್ಲ, ಇರುವುದು ಒಂದೇ ಕಿಟಕಿ. ಕೇಳಿದವರೆಲ್ಲ ‘ಬೇಡ, ಗವಿ ಥರ ಆಗಿಬಿಡುತ್ತೆ’ ಅಂತಾರೆ. ಬಳಿಸಲೋ ಬೇಡವೋ?

ಬಳಿಸಿ. ಆದರೆ ಬಣ್ಣದ ಡಬ್ಬಿ ಕೊಳ್ಳುವ ಮೊದಲು ಬಲ್ಬುಗಳ ಲೆಕ್ಕ ಹಾಕಿ. ಕಂದು ಗೋಡೆ ಬಳಿಸಿ ಬೇಜಾರಾದವರ ಕೋಣೆಗಳನ್ನು ನಾನು ನೋಡಿದ್ದೇನೆ. ನಮ್ಮ ಮನೆಯ ಕೋಣೆಯೂ ಮೊದಲ ಎರಡು ತಿಂಗಳು ಹಾಗೇ ಇತ್ತು. ಬಣ್ಣ ಚೆನ್ನಾಗಿಯೇ ಇತ್ತು, ನಾವು ಎಡವಿದ್ದು ಬೆಳಕಿನಲ್ಲಿ.

ಇದಕ್ಕೆ ಕಾರಣ ಕಂದು ಬಣ್ಣದಲ್ಲೇ ಇದೆ. ಕಾಮನಬಿಲ್ಲಿನಲ್ಲಿ ಕಂದು ಇಲ್ಲ, ಗಮನಿಸಿದ್ದೀರಾ? ಸುತ್ತಲಿನದಕ್ಕಿಂತ ಮಬ್ಬಾಗಿ ಕಾಣುವ ಕಿತ್ತಳೆ ಬಣ್ಣವನ್ನೇ ನಾವು ಕಂದು ಅನ್ನುತ್ತೇವೆ. ಬೇಕಿದ್ದರೆ ಮೊಬೈಲಿನಲ್ಲಿ ಬಿಳಿ ಹಿನ್ನೆಲೆಯ ಮೇಲೆ ಒಂದು ಕಂದು ಚೌಕ ಇಟ್ಟು ನೋಡಿ. ಆಮೇಲೆ ಕೋಣೆಯ ದೀಪ ಆರಿಸಿ, ಹಿನ್ನೆಲೆಯನ್ನು ಪೂರ್ತಿ ಕಪ್ಪು ಮಾಡಿ, ಪರದೆಯ ಬೆಳಕು ಹೆಚ್ಚಿಸಿ. ಅದೇ ಚೌಕ ಕಿತ್ತಳೆಯ ಕಡೆಗೆ ವಾಲುತ್ತದೆ. ಹಾಗಾಗಿ ಕಂದು ಗೋಡೆಗೆ ಎರಡು ಬೇಕು. ಕೆಂಪು, ಕಿತ್ತಳೆ ಅಂಶ ತುಂಬಿರುವ ಬೆಳಕು ಒಂದು. ಪಕ್ಕದಲ್ಲಿ ತನಗಿಂತ ತಿಳಿಯಾದ ಏನಾದರೊಂದು ಇನ್ನೊಂದು: ಲ್ಯಾಂಪ್ ಶೇಡ್, ಪುಸ್ತಕದ ಹಾಳೆ, ಕಿಟಕಿಯ ಚೌಕಟ್ಟು, ಏನಾದರೂ ಸರಿ. ಇವೆರಡೂ ಇಲ್ಲದಿದ್ದರೆ ನಿಮ್ಮವರು ಹೆದರಿಸಿದ ಹಾಗೆ ಗೋಡೆ ಬರೀ ಕಪ್ಪಾಗಿ ಕೂರುತ್ತದೆ.

ಬಣ್ಣದ ಕಂಪನಿಗಳು ಎಲ್‌ಆರ್‌ವಿ ಅಂತ ಒಂದು ಸಂಖ್ಯೆ ಕೊಡುತ್ತವೆ. ಬಿದ್ದ ಬೆಳಕಿನಲ್ಲಿ ಎಷ್ಟನ್ನು ಆ ಬಣ್ಣ ವಾಪಸ್ ಕೊಡುತ್ತದೆ ಅನ್ನುವ ಅಳತೆ ಅದು. 0 ಅಂದರೆ ಕಡುಕಪ್ಪು, 100 ಅಂದರೆ ಅಚ್ಚ ಬಿಳಿ. ಗೋಡೆಗೆ ಬಳಿಯುವ ಬಿಳಿಗಳದ್ದು ಸಾಮಾನ್ಯವಾಗಿ 80ರ ಮೇಲೆ. ಗಾಢ ಕಂದುಗಳದ್ದು 5ರಿಂದ 10ರ ಆಸುಪಾಸು. ಬಿಳಿ ಕೋಣೆಯಲ್ಲಿ ಮೇಲಿನ ಒಂದು ಟ್ಯೂಬ್‌ಲೈಟ್ ಸಾಕಾಗುವುದು ಗೋಡೆಗಳೂ ಬೆಳಕು ಎರಚುವುದರಿಂದ. ಕಂದು ಕೋಣೆಯಲ್ಲಿ ಆ ಸಹಾಯ ಇಲ್ಲ. ಅದಕ್ಕೇ ಬೆಳಕು ಎಲ್ಲಿ ಬೇಕೋ ಅಲ್ಲೇ ದೀಪ ಇಡಬೇಕು. ಒಂದು ದೊಡ್ಡ ಬಲ್ಬಿನ ಬದಲು ಮೂರು ನಾಲ್ಕು ಸಣ್ಣವು. ಒಂದು ಕುರ್ಚಿಯ ಪಕ್ಕ, ಒಂದು ಮೇಜಿನ ಮೇಲೆ, ಒಂದು ಗೋಡೆಯ ಮೈಗೇ ಬೆಳಕು ಸವರುವ ಹಾಗೆ. ಕೂತವರ ಕಣ್ಣಿನ ಎತ್ತರದಲ್ಲಿದ್ದರೆ ಇನ್ನೂ ಚೆನ್ನ.

ಬಲ್ಬಿನ ಡಬ್ಬಿಯ ಮೇಲೆ 2700 ಕೆಲ್ವಿನ್ ಅಥವಾ 3000 ಕೆಲ್ವಿನ್ ಅಂತ ಇರಲಿ, ಬೆಳಕಿನ ಛಾಯೆ ಹೇಳುವ ಸಂಖ್ಯೆ ಅದು. 6500ರ ತಣ್ಣನೆಯ ಬಿಳಿ ಬೆಳಕಿನಲ್ಲಿ ನೀಲಿ ಜಾಸ್ತಿ, ಕೆಂಪು ಕಡಿಮೆ. ಅದರಡಿ ಎಂಥ ಕಂದಾದರೂ ಬೂದಿ ಬಡಿದ ಹಾಗೆ ಕಾಣುತ್ತದೆ. ಸಿಆರ್‌ಐ ಅನ್ನುವ ಸಂಖ್ಯೆಯೂ ಇರುತ್ತದೆ, ಬಣ್ಣಗಳನ್ನು ಎಷ್ಟು ನಿಜವಾಗಿ ತೋರಿಸುತ್ತದೆ ಅಂತ. 90 ಅಥವಾ ಅದಕ್ಕಿಂತ ಮೇಲಿನದು ಹುಡುಕಿ. ನಮ್ಮ ಕೋಣೆಯಲ್ಲಿ ಬದಲಾಗಿದ್ದು ಬಲ್ಬುಗಳು ಮಾತ್ರ. ಆ ಸಂಜೆ ಸ್ವಿಚ್ ಒತ್ತಿದಾಗ ಕುರ್ಚಿಯ ಹಿಂದಿನ ಗೋಡೆ ಹಳೇ ತೇಗದ ಹಲಗೆಯ ಬಣ್ಣಕ್ಕೆ ತಿರುಗಿತು. ಒಂದು ಮೊಳದಷ್ಟು ಅಗಲದ ಬೆಳಕು, ಅದರ ಅಂಚಿನಲ್ಲಿ ನಿಧಾನವಾಗಿ ಕಪ್ಪಾಗುವ ಕಂದು. ಎರಡು ತಿಂಗಳು ಆ ಗೋಡೆಯನ್ನು ಸುಮ್ನೆ ಬೈದುಕೊಂಡಿದ್ದೆವಲ್ಲ ಅನ್ನಿಸಿತು.

ಇನ್ನು ಕೋಣೆ ಚಿಕ್ಕದಾಗುತ್ತಾ ಅನ್ನುವ ಭಯ. ಬಿಳಿ ಕೋಣೆಯಲ್ಲಿ ಒಂದೊಂದು ಗೋಡೆಯ ಮೇಲೂ ನೆರಳು ಒಂದೊಂದು ಥರ. ಹಾಗಾಗಿ ಮೂಲೆಯ ಗೆರೆ ಎದ್ದು ಕಾಣುತ್ತದೆ, ಕೋಣೆ ಎಲ್ಲಿ ಮುಗಿಯಿತು ಅಂತ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಮ್ಯಾಟ್, ಅಂದರೆ ಹೊಳಪಿಲ್ಲದ ಕಂದಿನಲ್ಲಿ ಆ ಗೆರೆ ಕರಗಿಹೋಗುತ್ತದೆ. ಕೋಣೆ ದೊಡ್ಡದಾಗಿ ಕಾಣುತ್ತದೆ ಅಂತ ನಾನು ಹೇಳುವುದಿಲ್ಲ, ಆದರೆ ಇಕ್ಕಟ್ಟು ಅನ್ನಿಸುವುದಿಲ್ಲ. ಓದುವ ಕೋಣೆ, ಮಲಗುವ ಕೋಣೆ, ಸಂಜೆ ಹೊತ್ತು ಕೂರುವ ಜಾಗ, ಇವಕ್ಕೆಲ್ಲ ಕಂದು ಹೇಳಿ ಮಾಡಿಸಿದ್ದು. ಹಗಲೆಲ್ಲ ಬೆಳಕಿನಲ್ಲೇ ಕೆಲಸ ಮಾಡಬೇಕಾದ ಕೋಣೆಗೆ ಮಾತ್ರ ಬೇಡ ಅನ್ನುತ್ತೇನೆ.

ಒಂದೇ ಗೋಡೆಗೆ ಬಳಿಸಿ ಉಳಿದಿದ್ದು ಬಿಳಿ ಬಿಡೋಣ ಅಂತ ಕೆಲವರು ಹೇಳಬಹುದು. ನನಗೆ ಅದು ಒಪ್ಪಿಗೆಯಿಲ್ಲ. ಮೂರು ಬಿಳಿ ಗೋಡೆಗಳ ನಡುವೆ ಆ ಒಂದು ಗೋಡೆ ದೊಡ್ಡ ಕಪಾಟು ತಂದು ನಿಲ್ಲಿಸಿದ ಹಾಗೆ ಕಾಣುತ್ತದೆ. ನಾಲ್ಕಕ್ಕೂ ಬಳಿಸಿ, ಚಾವಣಿಯನ್ನು ತಿಳಿಯಾಗಿ ಬಿಡಿ.

ಯಾವ ಕಂದು? 2025ರ ವರ್ಷದ ಬಣ್ಣವಾಗಿ, ಬಣ್ಣಗಳಿಗೆ ಗುರುತಿನ ಸಂಖ್ಯೆ ಕೊಡುವ ಪ್ಯಾಂಟೋನ್ ಸಂಸ್ಥೆ ಆರಿಸಿದ್ದೂ ಒಂದು ಕಂದನ್ನೇ, ಹೆಸರು ಮೋಕಾ ಮೂಸ್. ಆದರೆ ಅದು ಮೆದುವಾದ, ನಡುಮಟ್ಟದ ಕಂದು. ನೀವು ಕೇಳುತ್ತಿರುವುದು ಅದಕ್ಕಿಂತ ತುಂಬಾ ಗಾಢ. ಅದರ ಫೋಟೋ ನೋಡಿ ನಿಮ್ಮ ಕೋಣೆಯನ್ನು ಅಂದಾಜು ಮಾಡಬೇಡಿ.

‘ಬೆಚ್ಚಗಿನ’ ಅನ್ನುವ ಮಾತನ್ನೂ ಸ್ವಲ್ಪ ನೋಡೋಣ. ಅಂಬರ್ ಅನ್ನುವ ಹಳೆಯ ಕಂದು ಬಣ್ಣ ಬರುವುದು ಮಣ್ಣಿನಿಂದ, ಕಬ್ಬಿಣ ಮತ್ತು ಮ್ಯಾಂಗನೀಸ್ ಇರುವ ಮಣ್ಣಿನಿಂದ. ಹಸಿ ಅಂಬರ್‌ನಲ್ಲಿ ಹಸಿರು, ಹಳದಿ ಛಾಯೆ ಇರುತ್ತದೆ. ಅದನ್ನು ಸುಟ್ಟರೆ ಕಬ್ಬಿಣದ ಅಂಶದಲ್ಲಿದ್ದ ನೀರು ಹೋಗಿ ಮಣ್ಣು ಕೆಂಪಿನ ಕಡೆಗೆ ತಿರುಗುತ್ತದೆ. ಬೆಚ್ಚಗಿನ ಕಂದು ಅಂದರೆ ಇದೇ, ಒಳಗೆ ಕೆಂಪು ಉಳಿಸಿಕೊಂಡ ಕಂದು. ಶೇಡ್ ಕಾರ್ಡಿನಲ್ಲಿ ಒಂದನ್ನೇ ನೋಡಿದರೆ ಇದು ಗೊತ್ತಾಗುವುದಿಲ್ಲ. ಮೂರು ನಾಲ್ಕು ಕಂದುಗಳನ್ನು ಪಕ್ಕಪಕ್ಕ ಇಡಿ. ಒಂದು ಕೆಂಪಿಗೆ, ಇನ್ನೊಂದು ಹಸಿರಿಗೆ, ಮತ್ತೊಂದು ನೇರಳೆಗೆ ಎಳೆಯುವುದು ಆಗ ಕಾಣುತ್ತದೆ. ನಿಮ್ಮ ಕಿಟಕಿಯಲ್ಲಿ ನೇರ ಬಿಸಿಲು ಬೀಳದೆ ಬರೀ ಆಕಾಶದ ಬೆಳಕು ಬರುತ್ತಿದ್ದರೆ, ಅದು ನೀಲಿ ಬೆಳಕು. ಕೆಂಪಿನ ಕಂದನ್ನೇ ಹಿಡಿಯಿರಿ.

ಆರಿಸಿದ್ದನ್ನು ಗೋಡೆಗೆ ನೇರವಾಗಿ ಹಚ್ಚಿ ನೋಡಬೇಡಿ. ಸುತ್ತಲಿನ ಬಿಳಿ ಕಣ್ಣಿಗೆ ಮೋಸ ಮಾಡುತ್ತದೆ. ಎರಡಡಿ ಅಗಲದ ಎರಡು ರಟ್ಟು ತಗೊಳ್ಳಿ. ಸ್ಯಾಂಪಲ್ ಡಬ್ಬಿಯಿಂದ ಎರಡು ಕೋಟ್ ಬಳಿದು ಪೂರ್ತಿ ಒಣಗಿಸಿ. ಹಸಿಯಾಗಿದ್ದಾಗ ಎಮಲ್ಷನ್, ಅಂದರೆ ನೀರು ಬೆರೆಸಿ ಬಳಿಯುವ ಗೋಡೆ ಬಣ್ಣ ಮಂಜು ಕವಿದಂತೆ ತೆಳುವಾಗಿ ಕಾಣುತ್ತದೆ, ಒಣಗಿದ ಮೇಲೆಯೇ ಅದರ ನಿಜವಾದ ಗಾಢ. ಆಮೇಲೆ ಎರಡೂ ರಟ್ಟನ್ನು ಬಿಡಿಸಿದ ಪುಸ್ತಕದ ಹಾಗೆ ಮೂಲೆಯಲ್ಲಿ ನಿಲ್ಲಿಸಿ. ಒಂದರ ಬಣ್ಣ ಇನ್ನೊಂದರ ಮೇಲೆ ಬಿದ್ದು ಮಡಿಕೆಯ ಹತ್ತಿರ ಕಂದು ಇನ್ನಷ್ಟು ಕೆಂಪಾಗುತ್ತದೆ. ನಾಲ್ಕು ಗೋಡೆಗೆ ಬಳಿದಾಗ ಕೋಣೆಯಲ್ಲೆಲ್ಲ ಆಗುವುದು ಇದೇ. ಬೆಳಿಗ್ಗೆ, ಮಧ್ಯಾಹ್ನ, ದೀಪ ಹಚ್ಚಿದ ಮೇಲೆ, ಮೂರೂ ಹೊತ್ತು ನೋಡಿ. ನೆಲದ ಮೇಲೂ ಮಲಗಿಸಿ ನೋಡಿ. ನೆಲ ಮರದ್ದಾಗಿದ್ದರೆ ಗೋಡೆ ಅದಕ್ಕಿಂತ ಸ್ಪಷ್ಟವಾಗಿ ಗಾಢವಾಗಿರಬೇಕು. ಹೆಚ್ಚೂಕಮ್ಮಿ ಒಂದೇ ಆದರೆ ಎರಡೂ ಪೇಲವ.

ಪೇಂಟರ್ ಕೆಲಸ ಶುರು ಮಾಡಿದ ದಿನ ಗಾಬರಿಯಾಗಬೇಡಿ. ಗಾಢ ಬಣ್ಣಗಳನ್ನು ಬೆರೆಸುವ ಬೇಸ್‌ನಲ್ಲಿ ಗೋಡೆ ಮುಚ್ಚುವ ಬಿಳಿ ಪುಡಿ, ಅಂದರೆ ಟೈಟಾನಿಯಂ ಡೈಆಕ್ಸೈಡ್, ತುಂಬಾ ಕಡಿಮೆ. ಅದಕ್ಕೇ ಮೊದಲ ಕೋಟ್ ತೇಪೆ ತೇಪೆಯಾಗಿ ಕಾಣುತ್ತದೆ. ಬಣ್ಣಕ್ಕೂ ಮೊದಲು ಹಚ್ಚುವ ಪ್ರೈಮರ್‌ಗೇ ಕಂದು ಅಥವಾ ಬೂದು ಬೆರೆಸಿ ಹಚ್ಚಿಸಿದರೆ ಅರ್ಧ ಕಷ್ಟ ತಪ್ಪುತ್ತದೆ. ಆದರೂ ಮೂರನೇ ಕೋಟ್‌ಗೆ ಸಾಕಾಗುವಷ್ಟು ಬಣ್ಣ ತರಿಸಿಡಿ. ಬೇರೆ ಬೇರೆ ಡಬ್ಬಿಗಳನ್ನು ಒಂದೇ ಬಕೆಟ್ಟಿಗೆ ಸುರಿದು ಕಲಸಲು ಹೇಳಿ, ಕೂದಲೆಳೆಯ ವ್ಯತ್ಯಾಸವೂ ಗಾಢ ಬಣ್ಣದಲ್ಲಿ ಕಾಣುತ್ತದೆ. ಒಂದು ಗೋಡೆ ಹಿಡಿದರೆ ಅದನ್ನು ಮುಗಿಸಿಯೇ ರೋಲರ್ ಕೆಳಗಿಡಬೇಕು. ಅರ್ಧ ಒಣಗಿದ ಅಂಚಿನ ಮೇಲೆ ಮತ್ತೆ ಬಳಿದರೆ ಆ ಪಟ್ಟೆ ಹೋಗುವುದೇ ಇಲ್ಲ.

ತೇವ ಇರುವ ಗೋಡೆಯಾದರೆ ಮೊದಲು ಅದನ್ನು ಸರಿಪಡಿಸಿ. ಒಳಗಿನ ಉಪ್ಪು ಹೊರಬಂದರೆ ಬಿಳಿ ಗೋಡೆಯಲ್ಲಿ ಅಷ್ಟಾಗಿ ಕಾಣಲಿಕ್ಕಿಲ್ಲ, ಕಂದಿನ ಮೇಲೆ ಸುಣ್ಣ ಚೆಲ್ಲಿದಂತೆ ಕಾಣುತ್ತದೆ.

ಹೊಳಪಿನ ವಿಷಯದಲ್ಲಿ ನನ್ನ ಆಯ್ಕೆ ಮ್ಯಾಟ್. ಹೊಳೆಯುವ ಬಣ್ಣ ಗೋಡೆಯ ಪ್ರತಿ ಉಬ್ಬುತಗ್ಗನ್ನೂ ಎತ್ತಿ ತೋರಿಸುತ್ತದೆ. ಮ್ಯಾಟ್‌ಗೂ ಒಂದು ಕೊರತೆ ಇದೆ, ಕೈ ತಾಗಿದ ಕಡೆ ನುಣುಪಾಗಿ ಮಿಂಚಲು ಶುರುವಾಗುತ್ತದೆ. ಒರೆಸಬಹುದಾದ ಮ್ಯಾಟ್ ಸಿಕ್ಕರೆ ಅದನ್ನೇ ತಗೊಳ್ಳಿ.

ಬಾಗಿಲು, ಸ್ಕರ್ಟಿಂಗ್ (ಗೋಡೆಯ ಬುಡದ ಪಟ್ಟಿ) ಅಚ್ಚ ಬಿಳಿ ಬೇಡ, ಕತ್ತರಿಸಿ ಅಂಟಿಸಿದ ಪಟ್ಟಿಯಂತಾಗುತ್ತದೆ. ಕೆನೆಬಣ್ಣ ಆಗಬಹುದು, ಇಲ್ಲವೇ ಅವಕ್ಕೂ ಅದೇ ಕಂದು. ಕೋಣೆಯೊಳಗೆ ನಾರಿನ ಬಟ್ಟೆ, ಬೆತ್ತ, ಹಿತ್ತಾಳೆ, ಇವೆಲ್ಲ ಕಂದಿನ ಜೊತೆ ಚೆನ್ನಾಗಿ ಕೂಡುತ್ತವೆ. ಒಂದು ಮಾಸಲು ನೀಲಿಯ ವಸ್ತುವನ್ನೂ ಇಟ್ಟು ನೋಡಿ, ದಿಂಬೋ ಹೂದಾನಿಯೋ. ಕಿತ್ತಳೆಗೆ ಎದುರು ಬಣ್ಣ ನೀಲಿ. ಅದು ಪಕ್ಕಕ್ಕೆ ಬಂದರೆ ಗೋಡೆಯೊಳಗಿನ ಕಿತ್ತಳೆ ಎಚ್ಚರಾಗುತ್ತದೆ.

ಕೊನೆಗೆ ನಿಮ್ಮ ಆ ಒಂದೇ ಕಿಟಕಿ. ಅದರ ಒಳಬದಿಯಲ್ಲಿ, ಗೋಡೆಯ ದಪ್ಪ ಕಾಣುವ ಜಾಗಕ್ಕೆ ಮಾತ್ರ ಕಂದು ಬಳಿಸದೆ ಕೆನೆಬಣ್ಣ ಹಚ್ಚಿಸಿ. ಬರುವ ಬೆಳಕು ಮೊದಲು ಬೀಳುವುದು ಅಲ್ಲೇ, ಅಲ್ಲಿಂದ ಹಾರಿ ಒಳಗೆ ಬರಲಿ. ಓದುವ ಮೇಜನ್ನು ಕಿಟಕಿಗೆ ಅಡ್ಡವಾಗಿ ಹಾಕಿಕೊಳ್ಳಿ. ಹಗಲು ಹಾಳೆಯ ಮೇಲೆ ಬೆಳಕು ಬೀಳುತ್ತದೆ, ತಲೆಯೆತ್ತಿದರೆ ಎದುರಿಗೆ ಕಂದು ಗೋಡೆ ಇರುತ್ತದೆ.