ಎನ್‌ಟಾರಿಯಾಕ್ಕೆ ನೀರು ಬಂದಿದ್ದು, ಅದರ ಹಿಂದಿನ ಕಥೆ

ಆಸ್ಟ್ರೇಲಿಯಾದ ನಟ್ಟನಡುವೆ, ಆಲಿಸ್ ಸ್ಪ್ರಿಂಗ್ಸ್ ಊರಿಂದ ಪಶ್ಚಿಮಕ್ಕೆ ಸುಮಾರು 130 ಕಿಲೋಮೀಟರ್ ಹೋದ್ರೆ ಎನ್‌ಟಾರಿಯಾ ಸಿಗುತ್ತೆ, ಮ್ಯಾಪಲ್ಲಿ ಹರ್ಮನ್ಸ್‌ಬರ್ಗ್ ಅಂತಾನೂ ಇರುತ್ತೆ. ಕೆಂಪು ಮಣ್ಣು, ಸುಣ್ಣ ಬಳಿದ ಕಲ್ಲಿನ ಕಟ್ಟಡಗಳು, ಖರ್ಜೂರದ ಮರ, ಪಕ್ಕದಲ್ಲೇ ವರ್ಷದ ಹೆಚ್ಚಿನ ದಿನ ಬರೀ ಮರಳು ಹೊದ್ದು ಮಲಗಿರೋ ಫಿಂಕ್ ನದಿ. 1920ರ ದಶಕದ ಕೊನೇಲಿ ಈ ಊರಲ್ಲಿ ಮಕ್ಕಳು ಸಾಯೋಕೆ ಶುರುವಾಯ್ತು. ವಸಡಲ್ಲಿ ರಕ್ತ, ಕೈಕಾಲು ನೋವು, ಮೈಯಲ್ಲಿ ತ್ರಾಣ ಇಲ್ಲ. ಮಳೆ ಬಂದು ವರ್ಷಗಳೇ ಆಗಿತ್ತು, ಕಾಡಲ್ಲಿ ಹಣ್ಣಿಲ್ಲ ಗೆಡ್ಡೆ ಇಲ್ಲ, ಊರಲ್ಲಿದ್ದ ಲೂಥರನ್ (ಪ್ರೊಟೆಸ್ಟಂಟ್ ಕ್ರೈಸ್ತ) ಮಿಷನ್ ಕೊಡ್ತಿದ್ದ ರೇಷನ್ ಅಂದ್ರೆ ಮುಖ್ಯವಾಗಿ ಹಿಟ್ಟು, ಸಕ್ಕರೆ, ಟೀಪುಡಿ, ಅದರಲ್ಲಿ ಹೊಟ್ಟೆ ತುಂಬ್ತಿತ್ತೇ ಹೊರತು ಮೈಗೆ ಬೇಕಾದ್ದು ಏನೂ ಸಿಗ್ತಿರಲಿಲ್ಲ. 1929ರಲ್ಲಿ ಅಡಿಲೇಡಿಂದ ಬಂದ ಡಾಕ್ಟರ್‌ಗಳು ನೋಡಿ ಇದು ಸ್ಕರ್ವಿ, ಹಣ್ಣು ತರಕಾರಿ ಇಲ್ದೆ ವಿಟಮಿನ್ ಸಿ ಕೊರತೆಯಿಂದ ಬರೋದು ಅಂದ್ರು. ಹಡಗಲ್ಲಿ ತಿಂಗಳುಗಟ್ಟಲೆ ಇರೋರಿಗೆ ಬರ್ತಿದ್ದ ಕಾಯಿಲೆ, ಸಮುದ್ರಾನೇ ನೋಡದ ಮಕ್ಕಳಿಗೆ ಬಂದಿತ್ತು.

ಆ ನೆಲದಲ್ಲಿ ಸಾವಿರಾರು ವರ್ಷ ಬರಗಾಲಗಳನ್ನೆಲ್ಲ ದಾಟ್ಕೊಂಡು ಬದುಕಿದ್ದ ಮೂಲನಿವಾಸಿಗಳಾದ ಅರಂಡ ಜನ ಒಂದು ಚರ್ಚಿನ ಹಿಟ್ಟಿನ ಮೂಟೆಗೆ ಕಾಯೋ ಸ್ಥಿತಿಗೆ ಬಂದಿದ್ದು ಹೇಗೆ? ಅದಕ್ಕೆ ಐವತ್ತು ವರ್ಷ ಹಿಂದಕ್ಕೆ ಹೋಗ್ಬೇಕು.

ಜರ್ಮನಿಯ ಹರ್ಮನ್ಸ್‌ಬರ್ಗ್ ಅನ್ನೋ ಹಳ್ಳಿಯ ಲೂಥರನ್ ಮಿಷನ್ ಸಂಸ್ಥೆ ಕಳಿಸಿದ ಕೆಂಪೆ ಮತ್ತು ಶ್ವಾರ್ಟ್ಸ್ ಅನ್ನೋ ಇಬ್ಬರು 1875ರ ಅಕ್ಟೋಬರಲ್ಲಿ ದಕ್ಷಿಣ ಆಸ್ಟ್ರೇಲಿಯಾದ ಬೆಥನಿಯಿಂದ ಗಾಡಿ, ಕುದುರೆ, ದನ, ಸಾವಿರಾರು ಕುರಿ ಹೊಡ್ಕೊಂಡು ಹೊರಟ್ರು, ದಾರೀಲಿ ನೀರಿಲ್ದೆ ತಿಂಗಳುಗಟ್ಟಲೆ ನಿಂತು ನಿಂತು, ಇಲ್ಲಿಗೆ ತಲುಪಿದ್ದು 1877ರ ಜೂನಲ್ಲಿ. ಅಷ್ಟೊತ್ತಿಗೆ ಟೆಲಿಗ್ರಾಫ್ ಲೈನ್ ಬಂದಾಗಿತ್ತು, ಅದರ ಹಿಂದೆನೇ ದನ ಸಾಕೋ ಬಿಳಿಯರೂ ಬಂದ್ರು. ದನಗಳು ನೀರಿನ ಗುಂಡಿ ತುಳಿದು ಕೆಸರು ಮಾಡಿದ್ವು, ಹುಲ್ಲು ಖಾಲಿ, ಕಾಂಗರೂ ದೂರ ಹೋದ್ವು. ಹಸಿದವರು ದನಕ್ಕೆ ಈಟಿ ಹಾಕಿದ್ರು, ಅದಕ್ಕೆ ಪೊಲೀಸರು ಗುಂಡು ಹಾರಿಸಿದ್ರು. ವಿಲ್‌ಶೈರ್ ಅನ್ನೋ ಪೊಲೀಸ್ ಇದರಲ್ಲಿ ಎಷ್ಟು ಕುಖ್ಯಾತ ಅಂದ್ರೆ, 1891ರಲ್ಲಿ ಇಬ್ಬರನ್ನ ಕೊಂದ ಕೇಸಲ್ಲಿ ಅವನನ್ನೇ ಅರೆಸ್ಟ್ ಮಾಡ್ಬೇಕಾಯ್ತು. ಕೋರ್ಟು ಬಿಟ್ಟುಬಿಡ್ತು ಅನ್ನೋದು ಬೇರೆ ಮಾತು. ಈ ಹಿಂಸೆ ಬಗ್ಗೆ ದನಿ ಎತ್ತಿದ ಕೆಲವೇ ಬಿಳಿಯರಲ್ಲಿ ಮಿಷನರಿಗಳೂ ಇದ್ರು. ಮಿಷನ್ ಇಲ್ಲದಿದ್ರೆ ನಮ್ಮವರು ಉಳೀತಿರಲಿಲ್ಲ ಅಂತ ಹೇಳೋ ಅರಂಡ ಹಿರಿಯರು ಇದ್ದಾರೆ, ಆ ಮಾತನ್ನ ತಳ್ಳಿಹಾಕೋ ಹಕ್ಕು ದೂರದಲ್ಲಿ ಕೂತಿರೋ ನನಗಂತೂ ಇಲ್ಲ. ಆದ್ರೆ ಮಿಷನ್ನಿನದ್ದೂ ದನ ಕುರಿಗಳು ಇದ್ವು, ಅವೂ ಅದೇ ಹುಲ್ಲು ತಿಂದ್ವು ಅದೇ ನೀರು ಕುಡಿದ್ವು, ಇದನ್ನೂ ಮರೀಬಾರ್ದು.

ಕಾಯಿಲೆ, ಸಾವು, ಬರಗಾಲಕ್ಕೆ ಸೋತು ಮೊದಲು ಬಂದವರು 1891ರಷ್ಟೊತ್ತಿಗೆ ಜಾಗ ಬಿಟ್ರು. 1894ರಲ್ಲಿ 22 ವರ್ಷದ ಕಾರ್ಲ್ ಸ್ಟ್ರೆಲೋ ಬಂದ್ರು, 28 ವರ್ಷ ಅಲ್ಲೇ ಇದ್ದರು. ಅದೇ 1894ರಲ್ಲಿ ನಮ್ಮಲ್ಲಿ ಮಂಗಳೂರಿನ ಬಾಸೆಲ್ ಮಿಷನ್ ಪ್ರೆಸ್ಸಿಂದ ಕಿಟ್ಟೆಲ್ ನಿಘಂಟು ಹೊರಬಂತು. ಮಿಷನ್ ಬೇರೆ, ದೇಶ ಬೇರೆ, ಆದ್ರೆ ಧರ್ಮ ಹೇಳೋಕೆ ಬಂದ ಜರ್ಮನ್ ಪಾದ್ರಿ ಭಾಷೆಯೊಳಗೆ ಮುಳುಗಿಹೋಗೋದು ಅಂದ್ರೇನು ಅಂತ ಕನ್ನಡದವರಿಗೆ ಬಿಡಿಸಿ ಹೇಳ್ಬೇಕಾಗಿಲ್ಲ. ಸ್ಟ್ರೆಲೋ ಅರಂಡ ಮತ್ತು ಲೊರಿಚ ಭಾಷೆಗಳನ್ನ ಕಲಿತ್ರು, ಲೊಅಚಿರನಂಥ ಅರಂಡ ಹಿರಿಯರನ್ನ ಕೂರಿಸ್ಕೊಂಡು ಅವರ ಪುರಾಣ, ಹಾಡು, ಸಂಬಂಧಗಳ ಹೆಸರು ಎಲ್ಲ ಬರ್ಕೊಂಡ್ರು, ಏಳು ಸಾವಿರಕ್ಕೂ ಹೆಚ್ಚು ಅರಂಡ ಪದಗಳ ಪಟ್ಟಿ ಮಾಡಿದ್ರು. ಆ ಹಸ್ತಪ್ರತಿ ಪುಸ್ತಕವಾಗಿ ಅಚ್ಚಾಗೋಕೆ 2018 ಆಗ್ಬೇಕಾಯ್ತು.

ಆದ್ರೆ ಇದೇ ಮನುಷ್ಯ ಅವರ ಆಚರಣೆಗಳು ನಡೆಯೋ ಜಾಗಕ್ಕೆ ಒಂದು ಸಲಾನೂ ಕಾಲಿಡಲಿಲ್ಲ, ಪಾದ್ರಿಯಾಗಿ ಹೋಗೋದು ತಪ್ಪು ಅನ್ನೋದು ಅವರ ನಿಲುವು. ಹಾಡನ್ನ ಕಾಗದಕ್ಕೆ ಇಳಿಸೋದು, ಅದೇ ಹಾಡನ್ನ ಮಿಷನ್ ಅಂಗಳದಲ್ಲಿ ಹಾಡೋಕೆ ಬಿಡದೇ ಇರೋದು. ಮಕ್ಕಳನ್ನ ಅಪ್ಪ ಅಮ್ಮನಿಂದ ಬೇರೆ ಮಾಡಿ ಡಾರ್ಮಿಟರೀಲಿ ಮಲಗಿಸ್ತಿದ್ರು, ಮೈಯಲ್ಲಿ ಶಕ್ತಿ ಇರೋರು ಕೆಲಸ ಮಾಡಿದ್ರೆ ರೇಷನ್. 'ಅಲ್ಚಿರ' ಅನ್ನೋ ಪದ ಇದೆ, ಅರಂಡರಿಗೆ ಅದು ಪೂರ್ವಿಕರು ನೆಲವನ್ನ ರೂಪಿಸಿದ ಕಾಲಕ್ಕೆ, ಒಬ್ಬೊಬ್ಬರ ಮೂಲಕ್ಕೆ ಸಂಬಂಧಪಟ್ಟಿದ್ದು, ಮಿಷನರಿಗಳು ಅದನ್ನೇ ತಗೊಂಡು ಬೈಬಲ್ಲಿನ ದೇವರಿಗೆ ಇಟ್ಟರು. ಒಂದು ಪದದ ಒಳಗಿನ ಮನೆಯವರನ್ನ ಖಾಲಿ ಮಾಡಿಸಿ ಬೇರೆಯವರನ್ನ ತಂದು ಕೂರಿಸಿದ ಹಾಗೆ.

1922ರಲ್ಲಿ ಸ್ಟ್ರೆಲೋಗೆ ಮೈಯೆಲ್ಲ ನೀರು ತುಂಬಿ ಊದ್ಕೊಂಡಿತು. ಡಾಕ್ಟರ್ ಇಲ್ಲ, ರೈಲು ಸಿಗೋದು ನೂರಾರು ಕಿಲೋಮೀಟರ್ ದೂರದ ಊಡ್ನಡಾಟದಲ್ಲಿ. ಕುದುರೆ ಗಾಡಿ ಮೇಲೆ ಒಂದು ಕುರ್ಚಿ ಕಟ್ಟಿ, ಅದರಲ್ಲಿ ಅವರನ್ನ ಕೂರಿಸಿ ಒಣಗಿದ ನದಿ ಪಾತ್ರದಲ್ಲೇ ಹೊರಟ್ರು. ಊರಿನ ಜನ ಸೇರಿ ಅರಂಡ ಭಾಷೇಲಿ ಒಂದು ಜರ್ಮನ್ ಕೀರ್ತನೆ ಹಾಡಿ ಕಳಿಸ್ಕೊಟ್ರು. ಅಕ್ಟೋಬರ್ 20ಕ್ಕೆ ಹಾರ್ಸ್‌ಶೂ ಬೆಂಡ್ ಅನ್ನೋ ಜಾಗದಲ್ಲಿ ಅವರು ತೀರ್ಕೊಂಡ್ರು.

ಆಮೇಲೆ ಮೂರು ಚಿಲ್ಲರೆ ವರ್ಷ ಅಲ್ಲಿ ಖಾಯಂ ಪಾಸ್ಟರ್ ಇರಲಿಲ್ಲ. ಮಿಷನ್ ಮುಚ್ಚಲಿಲ್ಲ ಅಂದ್ರೆ ಅದಕ್ಕೆ ಸ್ಕೂಲ್ ಮೇಷ್ಟ್ರು ಹೈನ್ರಿಕ್ ಜೊತೆಗೆ ಮೋಸೆಸ್ ಚಲ್ಕಬೋಟ ಕಾರಣ. ಮೋಸೆಸ್ ಅರಂಡ ಮನುಷ್ಯ, ಎರಡೂ ಕಣ್ಣು ಹೋಗಿತ್ತು, ಹೆಂಡತಿ ಸೋಫಿಯಾ ಜೊತೆ ಮರುಭೂಮಿಯೆಲ್ಲ ಸುತ್ತಿ ಬೋಧನೆ ಮಾಡ್ತಿದ್ರು. ಚರ್ಚಿನ ಇತಿಹಾಸ ಅಂದ್ರೆ ಜರ್ಮನ್ ಹೆಸರುಗಳ ಸಾಲು ಅಂತ ಓದ್ಕೊಂಡು ಬಂದವರು ಇಲ್ಲಿ ಸ್ವಲ್ಪ ನಿಲ್ಲಬೇಕು. ಈ ಧರ್ಮವನ್ನ ಆ ಜನರಿಗೆ ಆ ಜನರ ಮಾತಲ್ಲಿ, ಅವರ ನೆಂಟಸ್ತಿಕೆಯ ಒಳಗಿಂದ ಮುಟ್ಟಿಸಿದ್ದು ಮೋಸೆಸ್ ಥರದವರು.

1926ರಲ್ಲಿ ಬಂದ ಪಾಸ್ಟರ್ ಆಲ್ಬ್ರೆಕ್ಟ್ ಪಾಲಿಗೆ ಆ ಬರಗಾಲ ಬಂತು. ಸುಮಾರು ಎಂಟು ಕಿಲೋಮೀಟರ್ ದೂರದ ಕಪೊರಿಲ್ಯ ಅನ್ನೋ ಕಡೆ ಬತ್ತದ ಊಟೆ ಇತ್ತು, ಅಲ್ಲಿಂದ ಪೈಪ್ ಹಾಕಿದ್ರೆ ತರಕಾರಿ ಬೆಳೀಬಹುದು ಅಂತ ಅವರಿಗೆ ಹೊಳೀತು. ಸರ್ಕಾರದಿಂದ ಅದಕ್ಕೆ ದುಡ್ಡು ಹುಟ್ಟಲಿಲ್ಲ. ಮೆಲ್ಬರ್ನಿನ ವೈಲೆಟ್ ಟೀಗ್, ಊನಾ ಟೀಗ್ ಅಂತ ಅಕ್ಕತಂಗಿಯರು, ವೈಲೆಟ್ ಚಿತ್ರ ಕಲಾವಿದೆ, ಊರು ನೋಡೋಕೆ ಬಂದಿದ್ದವರು, ವಾಪಸ್ ಹೋಗಿ 1934ರಲ್ಲಿ ಕಲಾವಿದರಿಂದ ಚಿತ್ರ ಕೇಳಿ ತಗೊಂಡು ಮಾರಾಟ ಮಾಡಿ ಹಣ ಎತ್ತಿದ್ರು. ಆ ಕಲ್ಲು ನೆಲದಲ್ಲಿ ಗುಂಡಿ ತೋಡಿದ್ದು ಅರಂಡ ಗಂಡಸರು. 1935ರ ಅಕ್ಟೋಬರಲ್ಲಿ ನೀರು ಬಂತು, ತೋಟ ಎದ್ದಿತು, ಹಸಿರು ತರಕಾರಿ ಊಟಕ್ಕೆ ಬಂತು. ಕಷ್ಟದಲ್ಲಿ ಇರೋರ ಕಡೆ ಚರ್ಚ್ ಕೈ ಚಾಚೋದು ಅಂದ್ರೆ ನನ್ನ ಲೆಕ್ಕದಲ್ಲಿ ಇದು, ಈ ಪೈಪು.

ಅದೇ ವರ್ಷಗಳ ಆಸುಪಾಸಲ್ಲೇ ಮಿಷನ್ ಹತ್ತಿರದ ಮನಂಗನಂಗ ಗುಹೇಲಿ ಇನ್ನೊಂದು ಘಟನೆ ಆಯ್ತು. ಚುರುಂಗ ಅನ್ನೋ, ಕಲ್ಲು ಮರದಲ್ಲಿ ಮಾಡಿದ ಪೂರ್ವಿಕರ ಪವಿತ್ರ ವಸ್ತುಗಳನ್ನ ಇಟ್ಟಿದ್ದ ಜಾಗ, ದೀಕ್ಷೆ ಪಡೆದ ಗಂಡಸರನ್ನ ಬಿಟ್ರೆ ಯಾರೂ ಹೋಗೋ ಹಾಗಿಲ್ಲ. ಅಲ್ಲಿ ಹೆಂಗಸರು ಮಕ್ಕಳನ್ನೆಲ್ಲ ಕರ್ಕೊಂಡು ಹೋಗಿ ಎಲ್ಲರಿಗೂ ತೋರಿಸಿ ಪ್ರಾರ್ಥನೆ ಮಾಡಿದ್ರು. ಮುಂದೆ ನಿಂತು ಮಾಡಿದ್ದು ಕ್ರಿಶ್ಚಿಯನ್ ಆಗಿದ್ದ ಅರಂಡರೇ. ಅವರ ಮನಸ್ಸಲ್ಲಿ ಏನಿತ್ತು ಅಂತ ನಾನು ಹೇಳೋಕಾಗಲ್ಲ, ಆದ್ರೆ ಮುರಿದುಬಿದ್ದದ್ದು ಮತ್ತೆ ಮೊದಲಿನ ಹಾಗೆ ಆಗಲಿಲ್ಲ ಅನ್ನೋದನ್ನ ಯೋಚಿಸಿದ್ರೆ ಸಂಕಟ ಆಗುತ್ತೆ. ನೀರು ಕೊಟ್ಟಿದ್ದನ್ನ ಒಂದು ತಕ್ಕಡೀಲಿ, ಗುಹೆ ಬಯಲಾಗಿದ್ದನ್ನ ಇನ್ನೊಂದರಲ್ಲಿ ಇಟ್ಟು ತೂಗಿ ಸರಿಹೋಯ್ತು ಅನ್ನೋಕೆ ಆಗಲ್ಲ.

ಇದೇ ಮಿಷನ್ನಲ್ಲಿ ಹುಟ್ಟಿ ಒಂಟೆ ಹೊಡ್ಕೊಂಡು, ಮರದ ಹಲಗೆ ಮೇಲೆ ಸುಟ್ಟು ಚಿತ್ರ ಬಿಡಿಸ್ತಿದ್ದ ಆಲ್ಬರ್ಟ್ ನಮಚಿರ 1936ರಲ್ಲಿ ರೆಕ್ಸ್ ಬ್ಯಾಟರ್‌ಬೀ ಅನ್ನೋ ಬಿಳಿಯ ಕಲಾವಿದರಿಂದ ಜಲವರ್ಣ ಕಲಿತ್ರು, 1938ರಲ್ಲಿ ಮೆಲ್ಬರ್ನಲ್ಲಿ ಇಟ್ಟ ಚಿತ್ರಗಳೆಲ್ಲ ಮಾರಾಟ ಆದ್ವು. 1957ರಲ್ಲಿ ಅವರಿಗೆ ಪೂರ್ಣ ಪೌರತ್ವದ ಹಕ್ಕು ಸಿಕ್ತು, ಆದ್ರೆ ನೆಂಟರಿಷ್ಟರಿಗೆ ಸಿಗಲಿಲ್ಲ. ತಾನು ಮದ್ಯ ಕೊಳ್ಳಬಹುದು, ತನ್ನವರಿಗೆ ಕೊಟ್ರೆ ಅಪರಾಧ, ಹಂಚಿ ತಿನ್ನೋದೇ ಕಾನೂನು ಆಗಿರೋ ಜನರ ನಡುವೆ. ಅದಕ್ಕೇ ಶಿಕ್ಷೆ ಆಯ್ತು, ಬಿಡುಗಡೆ ಆಗಿ ಸ್ವಲ್ಪ ದಿನಕ್ಕೆ, 1959ರಲ್ಲಿ ತೀರ್ಕೊಂಡ್ರು, ಅಂತ್ಯಕ್ರಿಯೆ ನಡೆಸಿದ್ದು ಆಲ್ಬ್ರೆಕ್ಟ್.

1982ರಲ್ಲಿ ಲೂಥರನ್ ಚರ್ಚ್ ಮಿಷನ್ನಿನ ನೆಲವನ್ನ ಅದರ ಮೂಲ ಒಡೆಯರಿಗೆ ವಾಪಸ್ ಕೊಡ್ತು. ಚರ್ಚ್ ಈಗಲೂ ಇದೆ, ಅರಂಡ ಪಾಸ್ಟರ್‌ಗಳೂ ಬಂದಿದ್ದಾರೆ. 2015ರಲ್ಲಿ ಮಧ್ಯ ಆಸ್ಟ್ರೇಲಿಯಾದ ಮೂಲನಿವಾಸಿ ಹೆಂಗಸರ ಗಾಯನ ತಂಡ ಜರ್ಮನಿಗೆ ಹೋಗಿ ಅಲ್ಲಿನ ಚರ್ಚುಗಳಲ್ಲಿ ಹಾಡ್ತು, ಅದರಲ್ಲಿ ತುಂಬ ಜನ ಅಜ್ಜಿಯಂದಿರೇ. ಹಳೇ ಕೀರ್ತನೆಗಳನ್ನ ತಮ್ಮ ತಮ್ಮ ಭಾಷೇಲೇ ಹಾಡಿದ್ರು. ಎದುರಿಗೆ ಕೂತಿದ್ದ ಜರ್ಮನರಿಗೆ ರಾಗ ಗೊತ್ತಿತ್ತು, ಮಾತು ಗೊತ್ತಿರಲಿಲ್ಲ.