ಕಂಕುಳಿನ ಗ್ರಂಥಿಗೆ ಸೂಜಿ ಏಕೆ ಬೇಕು?

ಸ್ತನದ ಗಂಟಿಗೆ ಸೂಜಿ ತಾಗಿಸಿದರೆ ಕ್ಯಾನ್ಸರ್ ಮೈಯೆಲ್ಲ ಹಬ್ಬುತ್ತದೆ ಎಂಬ ನಂಬಿಕೆ ಕಲಬುರಗಿ, ಬೀದರ್, ಯಾದಗಿರಿ ಭಾಗದಲ್ಲಿ ಇನ್ನೂ ಗಟ್ಟಿಯಾಗಿದೆ. ಈ ಭಯದಿಂದ ಬಯಾಪ್ಸಿಯನ್ನು, ಅಂದರೆ ಗಂಟಿನ ತುಣುಕು ತೆಗೆದು ನೋಡುವ ಪರೀಕ್ಷೆಯನ್ನು ಮುಂದೂಡಿ, ತಾಯತ ಮತ್ತು ಲೇಪಗಳಲ್ಲಿ ತಿಂಗಳುಗಟ್ಟಲೆ ಕಳೆದ ಮೇಲೆ ಆಸ್ಪತ್ರೆಗೆ ಬರುವ ಹೆಣ್ಣುಮಕ್ಕಳನ್ನು ನೆನೆದರೆ ಸಂಕಟವಾಗುತ್ತದೆ. ಸೂಜಿ ಹಾದುಹೋದ ದಾರಿಯಲ್ಲಿ ಒಂದಿಷ್ಟು ಕೋಶಗಳು ಸರಿಯಬಹುದೆಂಬುದು ನಿಜ. ಆದರೆ ಅವು ಅಲ್ಲಿಯೇ ಬೆಳೆದು ಹೊಸ ಗಡ್ಡೆಯಾಗುವುದು ತೀರ ಅಪರೂಪ. ಸ್ತನದ ಕ್ಯಾನ್ಸರಿಗೆ ಹರಡಲು ಸೂಜಿಯ ನೆರವು ಬೇಕಾಗಿಲ್ಲ. ರಕ್ತನಾಳಗಳು ಮತ್ತು ದುಗ್ಧರಸದ (ಅಂಗಾಂಶಗಳಿಂದ ಸೋಸಿ ಬರುವ ತಿಳಿ ದ್ರವ, ಲಿಂಫ್) ನಾಳಗಳು ಅದಕ್ಕೆ ಮೊದಲಿನಿಂದಲೂ ತೆರೆದೇ ಇರುತ್ತವೆ. ಸ್ತನದ ದುಗ್ಧರಸದ ಬಹುಪಾಲು ಕಂಕುಳಿನ ಗ್ರಂಥಿಗಳಿಗೆ ಹರಿಯುವುದರಿಂದ, ರೋಗ ಹರಡಿದೆಯೇ ಎಂದು ಅಲ್ಲಿಯೇ ಮೊದಲು ಹುಡುಕಬೇಕಾಗುತ್ತದೆ.

ಹುಡುಕುವ ಕೆಲಸ ಅಲ್ಟ್ರಾಸೌಂಡಿನದು. ಫ್ರಾನ್ಸಿನ ವಿಜ್ಞಾನಿಗಳಾದ ಕ್ಯೂರಿ ಸಹೋದರರು 1880ರಲ್ಲಿ ಕೆಲವು ಹರಳುಗಳನ್ನು ಒತ್ತಿದಾಗ ವಿದ್ಯುತ್ ಹುಟ್ಟುವುದನ್ನು ಕಂಡುಹಿಡಿದರು. ಆ ಗುಣವಿರುವ ಹರಳುಗಳೇ ಇಂದು ಮೈಗೆ ಒತ್ತಿ ಹಿಡಿಯುವ ಪ್ರೋಬ್‌ನಲ್ಲಿ ವಿದ್ಯುತ್ತಿನಿಂದ ಕಂಪಿಸಿ ಧ್ವನಿಯನ್ನು ಹೊರಡಿಸಿ ಪ್ರತಿಧ್ವನಿಯನ್ನು ಹಿಡಿಯುತ್ತವೆ. ಮೆದು ಅಂಗಾಂಶದಲ್ಲಿ ಧ್ವನಿಯ ವೇಗ ಸೆಕೆಂಡಿಗೆ ಸುಮಾರು 1540 ಮೀಟರ್. ಆದ್ದರಿಂದ 12 ಮೆಗಾಹರ್ಟ್ಜ್ ಧ್ವನಿಯ ತರಂಗಾಂತರ ಸುಮಾರು 0.13 ಮಿಲಿಮೀಟರ್ ಆಗುತ್ತದೆ. ತರಂಗಾಂತರ ಚಿಕ್ಕದಾದಷ್ಟೂ ಸಣ್ಣ ವಿವರಗಳು ಕಾಣುತ್ತವೆ; ಗ್ರಂಥಿಯ ತೆಳುವಾದ ಹೊರಪದರವನ್ನು ಅಳೆಯಲು ಇಷ್ಟು ಸೂಕ್ಷ್ಮತೆ ಸಾಕು. ಆರೋಗ್ಯವಂತ ಗ್ರಂಥಿ ಅಂಡಾಕಾರವಾಗಿದ್ದು, ಪರದೆಯ ಮೇಲೆ ಅದರ ನಡುವಿನ ಕೊಬ್ಬಿನ ಭಾಗ ಬೆಳ್ಳಗೆ, ಹೊರಪದರ ಕಪ್ಪಗೆ ಕಾಣುತ್ತದೆ. ದುಗ್ಧರಸ ಗ್ರಂಥಿಯೊಳಗೆ ಬರುವುದು ಅಂಚಿನಿಂದ. ಹೀಗಾಗಿ, ಹೊಲಕ್ಕೆ ಹರಿದು ಬಂದ ಮಳೆನೀರಿನ ಹೂಳು ಮೊದಲು ಒಡ್ಡಿನ ಬಳಿ ನಿಲ್ಲುವಂತೆ, ಕ್ಯಾನ್ಸರ್ ಕೋಶಗಳೂ ಮೊದಲು ಹೊರಪದರದಲ್ಲಿಯೇ ತಂಗುತ್ತವೆ. ಆ ಪದರ 3 ಮಿಲಿಮೀಟರಿಗಿಂತ ದಪ್ಪವಾಗಿದ್ದರೆ, ಒಂದು ಕಡೆ ಮಾತ್ರ ಉಬ್ಬಿದ್ದರೆ ಅಥವಾ ನಡುವಿನ ಬಿಳುಪು ಅಳಿಸಿಹೋಗಿದ್ದರೆ ಸಂಶಯ ಮೂಡುತ್ತದೆ.

ಆದರೆ ಸೋಂಕಿನಿಂದಲೂ ಗ್ರಂಥಿ ಊದಿಕೊಳ್ಳುವುದರಿಂದ ಸಂಶಯವನ್ನೇ ರೋಗವೆಂದು ತೀರ್ಮಾನಿಸುವಂತಿಲ್ಲ. ಆದ್ದರಿಂದ ವೈದ್ಯರು ಪರದೆಯಲ್ಲಿ ಸೂಜಿಯ ಮೊನೆಯನ್ನು ನೋಡುತ್ತಲೇ ಅದನ್ನು ದಪ್ಪವಾದ ಪದರಕ್ಕೆ ತಲುಪಿಸಿ, ಒಳಗೇ ಕೆಲವು ಸಲ ಹಿಂದೆ ಮುಂದೆ ಆಡಿಸುತ್ತಾರೆ. ಸೂಜಿಯಲ್ಲಿ ಬಂದ ಹನಿಯನ್ನು ಗಾಜಿನ ಸ್ಲೈಡಿನ ಮೇಲೆ ಹಾಕಿ, ಮತ್ತೊಂದು ಸ್ಲೈಡಿನಿಂದ ತೆಳುವಾಗಿ ಎಳೆದು, ಕೆಲವನ್ನು ಗಾಳಿಯಲ್ಲಿ ಒಣಗಿಸುತ್ತಾರೆ, ಕೆಲವನ್ನು ಕೂಡಲೇ ಆಲ್ಕೋಹಾಲಿನಲ್ಲಿ ಮುಳುಗಿಸುತ್ತಾರೆ. ಬಣ್ಣ ಹಾಕಿ ಸೂಕ್ಷ್ಮದರ್ಶಕದಲ್ಲಿ ನೋಡಿದಾಗ ಗ್ರಂಥಿಯ ಸ್ವಂತ ಕೋಶಗಳು ಸಣ್ಣಗೆ, ಬಿಡಿಬಿಡಿಯಾಗಿ ಹರಡಿರುತ್ತವೆ. ಅವುಗಳ ನಡುವೆ ದೊಡ್ಡ ಕೋಶಕೇಂದ್ರವುಳ್ಳ ಕೋಶಗಳು ಒಂದಕ್ಕೊಂದು ಅಂಟಿ ಗುಂಪಾಗಿದ್ದರೆ ಅವು ಹೊರಗಿನಿಂದ ಬಂದವು. ಅಂಥ ಕೋಶಗಳಿಗೆ ಅಲ್ಲಿ ಯಾವ ಕೆಲಸವೂ ಇಲ್ಲ. ಆದ್ದರಿಂದಲೇ ಸೂಜಿಯ ‘ಹೌದು’ ಎಂಬ ಉತ್ತರ ಹುಸಿಯಾಗುವುದು ಬಹಳ ಕಡಿಮೆ.

‘ಇಲ್ಲ’ ಎಂಬ ಉತ್ತರಕ್ಕೆ ಅಷ್ಟು ತೂಕವಿಲ್ಲ, ಏಕೆಂದರೆ ಚಿಕ್ಕ ಗುಂಪೊಂದು ಸೂಜಿಗೆ ಸಿಗದೆಯೂ ಇರಬಹುದು. ಹಾಗೆಂದು ಗ್ರಂಥಿಗಳನ್ನೆಲ್ಲ ತೆಗೆದುಬಿಡುವುದಕ್ಕೂ ಬೆಲೆ ತೆರಬೇಕಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಅಮೆರಿಕದ ಶಸ್ತ್ರವೈದ್ಯ ಹಾಲ್‌ಸ್ಟೆಡ್ ಸ್ತನದ ಜೊತೆಗೆ ಎದೆಯ ಸ್ನಾಯುಗಳನ್ನೂ ಕಂಕುಳಿನ ಗ್ರಂಥಿಗಳನ್ನೂ ತೆಗೆಯುವ ಪದ್ಧತಿಯನ್ನು ರೂಢಿಗೆ ತಂದರು. ಅನೇಕರಿಗೆ ತೋಳು ಬಾತುಕೊಂಡು ಜೀವಮಾನವಿಡೀ ಹಾಗೆಯೇ ಉಳಿಯಿತು. 1990ರ ದಶಕದಲ್ಲಿ ಬಂದ ಸೆಂಟಿನೆಲ್ ಗ್ರಂಥಿಯ ಪರೀಕ್ಷೆಯಲ್ಲಿ ಸ್ತನಕ್ಕೆ ಚುಚ್ಚಿದ ನೀಲಿ ಬಣ್ಣ ಅಥವಾ ವಿಕಿರಣಶೀಲ ದ್ರವ ಮೊದಲು ತಲುಪುವ ಒಂದೆರಡು ಗ್ರಂಥಿಗಳನ್ನಷ್ಟೇ ತೆಗೆದು ನೋಡುತ್ತಾರೆ. ಸೂಜಿ ‘ಇಲ್ಲ’ ಎಂದವರಿಗೆ ಸಾಮಾನ್ಯವಾಗಿ ಮುಂದಿನ ಹೆಜ್ಜೆ ಇದೇ. ‘ಹೌದು’ ಎಂದಾದರೆ ಚಿಕಿತ್ಸೆಯ ಕ್ರಮವೇ ಬದಲಾಗಿ, ಅನೇಕರಿಗೆ ಶಸ್ತ್ರಚಿಕಿತ್ಸೆಗೂ ಮುನ್ನ ಕೀಮೋ ಕೊಡುತ್ತಾರೆ.

ಸ್ತನದ ಗಂಟಿಗೆಂದು ಸ್ಕ್ಯಾನಿಂಗ್ ಮಾಡಿಸುವಾಗ ಕಂಕುಳನ್ನೂ ನೋಡಿದ್ದಾರೆಯೇ ಎಂದು ಕೇಳುವುದು ಒಳ್ಳೆಯದು. ಚಿಕಿತ್ಸೆಗಾಗಿ ಸೋಲಾಪುರಕ್ಕೋ ಹೈದರಾಬಾದಿಗೋ ಹೋಗುವವರು ವರದಿಯ ಜೊತೆಗೆ ಗಾಜಿನ ಸ್ಲೈಡುಗಳನ್ನೂ ಕೇಳಿ ಪಡೆದು ಒಯ್ಯಬೇಕು. ಅಲ್ಲಿನ ತಜ್ಞರು ಅವನ್ನೇ ನೋಡಿ ನಿರ್ಧರಿಸಿದರೆ ಎಷ್ಟೋ ಸಲ ಮತ್ತೆ ಸೂಜಿ ಹಾಕಿಸಿಕೊಳ್ಳುವುದು ತಪ್ಪುತ್ತದೆ.