ಮಾವುಯಿಯ ಕೈಗುರುತು: ನ್ಯೂಜಿಲೆಂಡ್ ಹಕ್ಕಿಗಳನ್ನು ಕಥೆ ಹಿಡಿದು ಗುರುತಿಸುವುದು

ಆಕ್ಲೆಂಡ್‌ನಿಂದ ದೋಣಿ ಹತ್ತಿ ತಿರಿತಿರಿ ಮತಂಗಿ ದ್ವೀಪಕ್ಕೆ ಹೋದ ದಿನ ನಾನು ಮೊದಲು ಗುರುತು ಹಿಡಿದ ಹಕ್ಕಿ ತೀಎಕೆ. ನಮ್ಮ ಗೊರವಂಕದ ಗಾತ್ರ. ನನ್ನ ಕಾಲಿನಿಂದ ನಾಲ್ಕಡಿ ದೂರದಲ್ಲಿ ತರಗೆಲೆಗಳನ್ನು ಕೊಕ್ಕಿನಿಂದ ಎತ್ತೆತ್ತಿ ಬಿಸಾಡುತ್ತಾ ಹುಳ ಹುಡುಕುತ್ತಿತ್ತು. ಮೈಯೆಲ್ಲ ಮಿರಮಿರ ಕಪ್ಪು. ಬೆನ್ನ ಮೇಲೆ ಮಾತ್ರ ಕೆಂಗಂದು ಬಣ್ಣ, ಕುದುರೆಗೆ ಜೀನು ಹಾಕಿದ ಹಾಗೆ. ಆ ಕಂದು ಮೆಲ್ಲಗೆ ಕಪ್ಪಿನೊಳಗೆ ಕರಗುವುದಿಲ್ಲ. ಹೆಗಲ ಬಳಿ ಗೆರೆ ಎಳೆದಂತೆ ಥಟ್ಟನೆ ಶುರುವಾಗುತ್ತದೆ. ಕೊಕ್ಕಿನ ಬುಡದಲ್ಲಿ ಎರಡು ಪುಟ್ಟ ಕಿತ್ತಳೆಗೆಂಪು ಜೋಲುಚರ್ಮ.

ಆ ಜೀನು ಎಲ್ಲಿಂದ ಬಂತು? ನ್ಯೂಜಿಲೆಂಡ್‌ನ ಮೂಲನಿವಾಸಿಗಳಾದ ಮಾವೊರಿ ಜನ ಹೇಳುವ ಕಥೆ ಹೀಗಿದೆ. ಆಗ ಸೂರ್ಯ ಆಕಾಶದಲ್ಲಿ ಓಡೋಡಿ ಹೋಗುತ್ತಿದ್ದ, ಹಗಲು ಸಾಲುತ್ತಿರಲಿಲ್ಲ. ಅವರ ಪುರಾಣಗಳ ವೀರ ಮಾವುಯಿ ಅಣ್ಣಂದಿರನ್ನು ಕಟ್ಟಿಕೊಂಡು ಹೋಗಿ ಸೂರ್ಯನನ್ನು ಹಗ್ಗದ ಕುಣಿಕೆಯಲ್ಲಿ ಹಿಡಿದು, ಬಡಿದು, ನಿಧಾನಕ್ಕೆ ನಡೆಯುವಂತೆ ಮಾಡಿದ. ಕೆಲಸ ಮುಗಿದಾಗ ಬಾಯಾರಿ ಬಳಲಿದ್ದ. ನೀರು ತಂದುಕೊಡು ಎಂದು ತೀಎಕೆಯನ್ನು ಕೇಳಿದರೆ ಅದು ಕೇಳಿಸದವರಂತೆ ಇದ್ದುಬಿಟ್ಟಿತು. ಸಿಟ್ಟಿಗೆದ್ದ ಮಾವುಯಿ ಸುಡುವ ಕೈಯಿಂದಲೇ ಅದರ ಬೆನ್ನು ಹಿಡಿದ. ಹಿಡಿದಲ್ಲಿ ಸುಟ್ಟ ಗುರುತು ಉಳಿಯಿತು. ಆಮೇಲೆ ಕೋಕಕೊ ಎಂಬ ಹಕ್ಕಿ ತನ್ನ ಜೋಲುಚರ್ಮದಲ್ಲಿ ನೀರು ತುಂಬಿ ತಂದಿತು. ಮೆಚ್ಚಿದ ಮಾವುಯಿ ಅದರ ಕಾಲುಗಳನ್ನು ಎಳೆದು ಉದ್ದ ಮಾಡಿದ.

ಈಗ ಕಾಡಿನ ಕೋಕಕೊ ನೋಡಿ. ನೀಲಿ ಬೆರೆತ ಬೂದು ಮೈ, ಕಣ್ಣಿಗೆ ಕಪ್ಪು ಮುಖವಾಡ, ಉತ್ತರ ದ್ವೀಪದ ಹಕ್ಕಿಗಾದರೆ ಕಡುನೀಲಿ ಜೋಲುಚರ್ಮ. ಹಾರುವುದರಲ್ಲಿ ಹಿಂದೆ. ಉದ್ದನೆಯ ಗಟ್ಟಿ ಕಾಲುಗಳಲ್ಲಿ ಕೊಂಬೆಯಿಂದ ಕೊಂಬೆಗೆ ಜಿಗಿಯುತ್ತಾ ಮರ ಏರಿ, ತುದಿಯಿಂದ ತೇಲಿ ಇಳಿಯುತ್ತದೆ. ಅಂದರೆ ಕಥೆ ಹೇಳಿದವರು ಕೋಕಕೊವನ್ನು ಬೇರೆ ಹಕ್ಕಿಯಿಂದ ಬೇರ್ಪಡಿಸುವ ಅಂಶವನ್ನೇ ಆರಿಸಿಕೊಂಡಿದ್ದಾರೆ. ಅದಕ್ಕೇ ನನ್ನ ಸಲಹೆ: ಕಥೆಯನ್ನು ಪಾಠದ ಕೊನೆಗೆ ಸ್ವಾರಸ್ಯಕ್ಕೆಂದು ಇಟ್ಟುಕೊಳ್ಳಬೇಡಿ, ಮೊದಲೇ ಓದಿ. ಕುಲದಿಂದ ಕುಲಕ್ಕೆ ಕಥೆ ಬದಲಾಗುತ್ತದೆ, ಆದ್ದರಿಂದ ಯಾರು ಹೇಳಿದ್ದು ಎಂಬುದನ್ನೂ ಟಿಪ್ಪಣಿಯಲ್ಲಿ ಬರೆದುಕೊಳ್ಳಿ.

ಜೀನು ಕಂಡರಷ್ಟೇ ತೀಎಕೆ ಎಂದುಕೊಂಡರೆ ಒಂದು ಕಡೆ ಎಡವುತ್ತೀರಿ. ತೀಎಕೆಯಲ್ಲಿ ಉತ್ತರದ್ದು, ದಕ್ಷಿಣದ್ದು ಎಂದು ಎರಡು ಬಗೆ. ದಕ್ಷಿಣದ ತೀಎಕೆಯ ಎಳೆಯ ಹಕ್ಕಿಗೆ ಮೊದಲ ವರ್ಷ ಜೀನೇ ಇರುವುದಿಲ್ಲ, ಮೈಯೆಲ್ಲ ಕಂದು. ಇದನ್ನು ಬೇರೆಯೇ ಜಾತಿಯ ಹಕ್ಕಿ ಎಂದು ಹಿಂದೆ ಭಾವಿಸಿದ್ದೂ ಉಂಟು. ಉತ್ತರದ ತೀಎಕೆಗೆ ಜೀನಿನ ಮುಂದಿನ ಅಂಚಿನಲ್ಲಿ ತೆಳು ಹಳದಿ ಗೆರೆ ಇರುತ್ತದೆ, ದಕ್ಷಿಣದ್ದಕ್ಕೆ ಇರುವುದಿಲ್ಲ. ಇವೆರಡೂ ಉಳಿದದ್ದೇ ಕೂದಲೆಳೆಯಲ್ಲಿ. ಉತ್ತರದ್ದು ಒಂದು ಕಾಲಕ್ಕೆ ತರಂಗ ಎಂಬ ಒಂದೇ ದ್ವೀಪದಲ್ಲಿ ಬದುಕಿತ್ತು (ಮಾವುಯಿಯ ತಾಯಿಯ ಹೆಸರೂ ತರಂಗ). ದಕ್ಷಿಣದ್ದಕ್ಕೆ ತೌಕಿಹೆಪ ದ್ವೀಪದಲ್ಲಿ ಹಡಗಿನ ಇಲಿಗಳ ಕಾಟ ಬಂತು. 1964ರಲ್ಲಿ ಅಲ್ಲಿಂದ 36 ಹಕ್ಕಿಗಳನ್ನು ಹಿಡಿದು ಬೇರೆ ದ್ವೀಪಗಳಿಗೆ ಸಾಗಿಸಿದರು. ಇವತ್ತು ಕಾಣುವ ದಕ್ಷಿಣದ ತೀಎಕೆಗಳೆಲ್ಲ ಅವುಗಳ ಸಂತಾನ. ಇದೇ ಕುಟುಂಬದ ಹುಇಅ ಹಕ್ಕಿಗೆ ಆ ಭಾಗ್ಯ ಸಿಗಲಿಲ್ಲ. ಅದು ಖಚಿತವಾಗಿ ಕಂಡದ್ದು 1907ರಲ್ಲಿ, ಅದೇ ಕೊನೆ. ಅದನ್ನು ನೆನೆದಾಗಲೆಲ್ಲ ನನಗೆ ಸಂಕಟವಾಗುತ್ತದೆ.

ಹೆಸರುಗಳ ಬಗ್ಗೆ ಒಂದು ಮಾತು. ಮಾವೊರಿಯಲ್ಲಿ ನಮ್ಮಂತೆಯೇ ಹ್ರಸ್ವ ಎ, ಒ ಮತ್ತು ದೀರ್ಘ ಏ, ಓ ಬೇರೆ ಬೇರೆ. ಹಾಗಾಗಿ ಕನ್ನಡ ಲಿಪಿಯಲ್ಲಿ ಬರೆದುಕೊಂಡರೆ ಉಚ್ಚಾರ ತಪ್ಪುವುದಿಲ್ಲ: ಕೋಕಕೊದಲ್ಲಿ ಮೊದಲಿನದು ದೀರ್ಘ, ಕೊನೆಯದು ಹ್ರಸ್ವ. ಕೆರೆರೂ ಎನ್ನುವಾಗ ರೂ ಎಳೆಯಬೇಕು. ಎದೆಯ ಕೆಳಗೆ ಬಿಳಿ ಬನಿಯನ್ ತೊಟ್ಟಂತಿರುವ ದೊಡ್ಡ ಕಾಡುಪಾರಿವಾಳ ಅದು. ತಾಯಿಯ ಉಡುಗೆ ಕದ್ದು ಮಾವುಯಿ ಈ ಹಕ್ಕಿಯ ರೂಪ ತಾಳಿದ ಎನ್ನುತ್ತಾರೆ. ಎದೆಯ ಬಿಳುಪು ಆ ಉಡುಗೆಯದೇ.

ಪೀವಕವಕ ನಮಗೆ ನೆಂಟ. ಕರ್ನಾಟಕದ ತೋಟಗಳಲ್ಲಿ ಕಾಣುವ ಬೀಸಣಿಗೆ ಬಾಲದ ನೊಣಹಿಡುಕದ ಕುಲವೇ ಅದು. ತೂಕ ಸುಮಾರು 8 ಗ್ರಾಂ, ಉದ್ದದ ಅರ್ಧ ಬಾಲವೇ. ದಕ್ಷಿಣ ದ್ವೀಪದಲ್ಲಿ ಕೆಲವು ಪೂರ್ತಿ ಕಪ್ಪಗಿರುತ್ತವೆ, ಬೇರೆ ಜಾತಿ ಎಂದುಕೊಳ್ಳಬೇಡಿ. ಸಾವನ್ನು ಗೆಲ್ಲಲು ಮಾವುಯಿ ಮೃತ್ಯುದೇವತೆ ಹಿನೆ ನುಇ ತೆ ಪೋ ನಿದ್ರಿಸುವಾಗ ಅವಳ ದೇಹದೊಳಗೆ ಹೊಕ್ಕ. ಸದ್ದು ಮಾಡಬೇಡಿ ಎಂದು ಹಕ್ಕಿಗಳಿಗೆ ಮೊದಲೇ ಹೇಳಿದ್ದ. ಪೀವಕವಕಕ್ಕೆ ನಗು ತಡೆಯಲಾಗಲಿಲ್ಲ. ದೇವತೆ ಎಚ್ಚರಗೊಂಡು ಅವನನ್ನು ಹಿಸುಕಿದಳು. ಮನುಷ್ಯರಿಗೆ ಸಾವು ಖಾಯಂ ಆಯಿತು. ಈ ಹಕ್ಕಿ ಮನೆಯೊಳಗೆ ಬಂದರೆ ಇಂದಿಗೂ ಅಪಶಕುನ ಎನ್ನುವವರಿದ್ದಾರೆ. ಕಾಡುದಾರಿಯಲ್ಲಿ ಮಾತ್ರ ಅದು ಚಿಂವ್ ಚಿಂವ್ ಎನ್ನುತ್ತಾ ಬೆನ್ನು ಬಿಡುವುದಿಲ್ಲ. ನಾವು ನಡೆದಾಗ ಏಳುವ ಹುಳಗಳು ಅದಕ್ಕೆ ಬೇಕು.

ಕೊನೆಯದು ಕಣ್ಣಿಗಿಂತ ಕಿವಿಗೆ ಮೊದಲು ಸಿಗುವ ರಿರೊರಿರೊ. ಬೂದುಬಣ್ಣದ ಪುಟಾಣಿ, ಎಲೆಮರೆಯಲ್ಲೇ ಇರುತ್ತದೆ. ವಸಂತದಲ್ಲಿ ಇದರ ಏರಿಳಿಯುವ ಹಾಡು ಕೇಳಿದರೆ ಗೆಣಸು ನೆಡುವ ಕಾಲ. ದುಡಿಯದೆ ಊಟಕ್ಕೆ ಬಂದವನನ್ನು ಮಾವೊರಿಗಳು, ರಿರೊರಿರೊ ಹಾಡುವಾಗ ನೀನೆಲ್ಲಿದ್ದೆ ಎಂದು ಕೇಳುತ್ತಾರೆ. ಸೆಪ್ಟೆಂಬರ್, ಅಕ್ಟೋಬರ್ ಹೊತ್ತಿಗೆ ಸಾಗರ ದಾಟಿ ಬರುವ ಪುಟ್ಟ ಕೋಗಿಲೆ ಪೀಪೀಫರೌರೊಅ ಮೊಟ್ಟೆಯಿಡುವುದು ಇದರ ಗೂಡಿನಲ್ಲೇ. ರಿರೊರಿರೊ ಹಾಡಿದ ಗಿಡದ ಬಳಿ ಸ್ವಲ್ಪ ಹೊತ್ತು ನಿಂತು ಆ ಕೋಗಿಲೆಯ ಸಿಳ್ಳೆಗೂ ಕಿವಿಗೊಡಿ.